ಬೀದರಿನ ಗುರುನಾನಕ ಝೀರಾ ಲಂಗರ್: ಬೆಲೆಪಟ್ಟಿ ಇಲ್ಲದ ಊಟದ ಒಂದು ವಿಮರ್ಶೆ

ಧರ್ಮದ ಸ್ವರೂಪವೇನು, ಮನುಷ್ಯನ ಬಾಳಿನಲ್ಲಿ ಅದರ ಪಾತ್ರವೇನು ಎಂಬ ಚರ್ಚೆ ನಮ್ಮಲ್ಲಿ ಹೆಚ್ಚಾಗಿ ದೇವರಿದ್ದಾನೆಯೇ ಎಂಬ ಪ್ರಶ್ನೆಯಿಂದ ಆರಂಭವಾಗಿ, ಎರಡೂ ಕಡೆಯವರು ಹಿಡಿದ ಪಟ್ಟನ್ನು ಬಿಡದೆ ಎದ್ದುಹೋಗುವುದರಲ್ಲಿ ಮುಗಿಯುತ್ತದೆ. ಅದರ ಬದಲು ಧರ್ಮಸಂಸ್ಥೆಗಳ ಊಟದ ಮನೆಯಿಂದ ಆರಂಭಿಸಿದರೆ ಮಾತು ಸ್ವಲ್ಪ ಮುಂದೆ ಸಾಗೀತು. ದೇವರ ವಿಷಯದಲ್ಲಿ ಸಾಕ್ಷ್ಯ ಕೇಳುವುದು ಕಷ್ಟ. ಬಡಿಸಿದ ಅನ್ನದ ವಿಷಯದಲ್ಲಿ ಹಾಗಲ್ಲ, ಯಾರು ಬಡಿಸಿದರು, ಯಾರ ಪಕ್ಕ ಯಾರನ್ನು ಕೂರಿಸಿದರು, ಎಂಜಲು ತಟ್ಟೆ ಯಾರು ತೊಳೆದರು ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಬೀದರ್ ನಗರದ ಗುರುನಾನಕ ಝೀರಾ ಗುರುದ್ವಾರದಲ್ಲಿ ನಡೆಯುವ ಲಂಗರನ್ನು, ಅಂದರೆ ಬಂದವರೆಲ್ಲರಿಗೂ ಉಚಿತವಾಗಿ ದೊರೆಯುವ ಸಾಮೂಹಿಕ ಭೋಜನವನ್ನು, ಒಂದು ಊಟದ ಸೇವೆಯೆಂದೇ ಪರಿಗಣಿಸಿ ಇಲ್ಲಿ ವಿಮರ್ಶೆ ಮಾಡುತ್ತಿದ್ದೇನೆ. ಪ್ರಸಾದಕ್ಕೆ ವಿಮರ್ಶೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಹಸಿದವರಿಗೆ ಕೊಡುವ ಯಾವುದನ್ನೇ ಆಗಲಿ, ಹೇಗೆ ಕೊಡುತ್ತಾರೆ ಎಂದು ನೋಡುವ ಹಕ್ಕು ಉಣ್ಣುವವರಿಗೆ ಇರಬೇಕು ಎಂಬುದು ನನ್ನ ನಿಲುವು.

ಮೊದಲು ಸ್ಥಳದ ವಿಚಾರ. ಗುರುನಾನಕರು ತಮ್ಮ ದಕ್ಷಿಣದ ಸಂಚಾರದಲ್ಲಿ, 16ನೆಯ ಶತಮಾನದ ಆರಂಭದಲ್ಲಿ, ಬೀದರಿಗೆ ಬಂದರೆಂದೂ, ಇಲ್ಲಿಯ ನೀರು ಕುಡಿಯಲಾಗದಷ್ಟು ಉಪ್ಪೆಂದು ಜನರು ದುಃಖ ತೋಡಿಕೊಂಡಾಗ ಅವರು ಪಾದದಿಂದ ಒಂದು ಕಲ್ಲನ್ನು ಸರಿಸಿದರೆಂದೂ, ಆಗ ಬಂಡೆಯ ಸಂದಿಯಿಂದ ಸಿಹಿನೀರು ಚಿಮ್ಮಿತೆಂದೂ ಪ್ರತೀತಿ. ಆ ಒರತೆ ಇಂದಿಗೂ ಹರಿಯುತ್ತಿದೆ. ಅದರ ನೀರು ಅಮೃತಕುಂಡವೆಂಬ ಕೊಳಕ್ಕೆ ಸೇರುತ್ತದೆ. ಭೂವಿಜ್ಞಾನ ಹೇಳುವ ಕಥೆ ಬೇರೆ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ತೂತುತೂತಾದ ಈ ಕೆಂಪು ಕಲ್ಲು ಮಳೆಯ ನೀರನ್ನು ಕುಡಿದು ಕೆಳಕ್ಕೆ ಬಿಡುತ್ತದೆ. ಕೆಳಗಿರುವ ಜೇಡಿಯ ಪದರವು ಅದನ್ನು ತಡೆಯುತ್ತದೆ. ತಡೆದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ದಾರಿ ಸಿಕ್ಕಲ್ಲಿ ಹೊರಬರುತ್ತದೆ. ಬಹಮನಿಯರ ಕಾಲದಲ್ಲಿ ನೆಲದೊಳಗೆ ಕೊರೆದ ಕರೇಜ್ ಎಂಬ ಸುರಂಗ ಕಾಲುವೆಗಳೂ, ಎದೆಮಟ್ಟದ ನೀರಿನಲ್ಲಿ ನಡೆದು ತಲುಪಬೇಕಾದ ನರಸಿಂಹ ಝರಣಿಯ ಗುಹಾದೇವಾಲಯವೂ ಇದೇ ಕಲ್ಲಿನ ಕೃಪೆಯಿಂದ ಇವೆ. ಎರಡೂ ಕಥೆಗಳು ಎದುರುಬದುರು ನಿಂತಾಗ ಒಂದನ್ನು ಸುಳ್ಳೆಂದು ತಳ್ಳಿಬಿಡುವ ಆತುರ ಸಹಜ. ಆದರೆ ಕಲ್ಲಿನ ಗುಣ ತಿಳಿದವರಿಗೆ ನೀರು ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆಯೇ ಹೊರತು ಆ ನೀರು ಯಾರಿಗೆ ಸೇರಬೇಕು ಎಂಬುದು ಗೊತ್ತಾಗುವುದಿಲ್ಲ. ಬಾಯಾರಿದವರೆಲ್ಲರಿಗೂ ಸೇರಬೇಕೆಂಬ ತೀರ್ಮಾನವನ್ನು ಯಾರೋ ಮಾಡಬೇಕಾಗುತ್ತದೆ, ಮಾಡಿದ್ದನ್ನು ತಲೆಮಾರುಗಳವರೆಗೆ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ಝೀರಾದ ಐತಿಹ್ಯ ಮಾಡಿರುವ ಕೆಲಸ ಅದು.

ಊಟಕ್ಕೆ ಹೋಗುವ ಕ್ರಮ ಸರಳ. ಪಾದರಕ್ಷೆಗಳನ್ನು ಹೊರಗೆ ಒಪ್ಪಿಸಿ, ಕೈಕಾಲು ತೊಳೆದು, ಗಂಡಸರು ಹೆಂಗಸರೆನ್ನದೆ ಎಲ್ಲರೂ ತಲೆಗೆ ಬಟ್ಟೆ ಹಾಕಿಕೊಳ್ಳಬೇಕು. ಪಾದರಕ್ಷೆಗಳನ್ನು ತೆಗೆದಿರಿಸುವುದೂ ಸೇವೆಯೇ. ಸಿಖ್ಖರಲ್ಲಿ ಹಣವಂತರೂ ಓದಿದವರೂ ಸಹ ಈ ಕೆಲಸವನ್ನು ಬೇಡಿ ಪಡೆಯುತ್ತಾರೆ. ಮೊದಲು ಗುರು ಗ್ರಂಥ ಸಾಹಿಬ್ ಇರುವ ದರ್ಬಾರಿಗೆ ಹೋಗಿ ನಮಸ್ಕರಿಸುವುದು ವಾಡಿಕೆ. ಅಲ್ಲಿ ಗೋಧಿಹಿಟ್ಟು, ತುಪ್ಪ, ಸಕ್ಕರೆಯಿಂದ ಕಾಸಿದ ಬಿಸಿಯಾದ ಕಡಾ ಪ್ರಸಾದವನ್ನು ಕೈಯಲ್ಲಿ ಇಡುತ್ತಾರೆ. ನಮ್ಮ ಕಡೆಯ ಗೋಧಿಹಿಟ್ಟಿನ ಹಲ್ವ ತಿಂದು ಬೆಳೆದವರಿಗೂ ಇದರ ತುಪ್ಪ ಒಂದು ಕ್ಷಣ ಬೆರಗು ಹುಟ್ಟಿಸುತ್ತದೆ. ಅಂಗೈ ಬಹಳ ಹೊತ್ತು ಜಿಡ್ಡಾಗಿರುತ್ತದೆ. ಅದಾದ ಮೇಲೆ ಲಂಗರಿನ ಸಭಾಂಗಣ. ಹೆಸರು, ಊರು, ಜಾತಿ ಯಾವುದನ್ನೂ ಬಾಗಿಲಲ್ಲಿ ಕೇಳುವುದಿಲ್ಲ. ಚೀಟಿಯೂ ಇಲ್ಲ. ನೆಲದ ಮೇಲೆ ಉದ್ದಕ್ಕೆ ಹಾಸಿದ ಪಟ್ಟಿಗಳ ಮೇಲೆ ಬಂದ ಸರದಿಯಲ್ಲಿ ಕೂರಬೇಕು. ಎರಡು ಸಾಲುಗಳ ನಡುವೆ ಬಡಿಸುವವರು ಓಡಾಡುವಷ್ಟು ಜಾಗ.

ಬಡಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಟೀಲಿನ ತಟ್ಟೆಗೆ ದಾಲ್, ಪಲ್ಯ, ಅನ್ನ ನೇರವಾಗಿ ಬೀಳುತ್ತವೆ. ರೊಟ್ಟಿ ಮಾತ್ರ ತಟ್ಟೆಗೆ ಬೀಳುವುದಿಲ್ಲ. ಅದನ್ನು ಎರಡೂ ಅಂಗೈ ಜೋಡಿಸಿ ಮುಂದಕ್ಕೆ ಚಾಚಿ ಪಡೆಯಬೇಕು. ನನ್ನ ಸಾಲಿನಲ್ಲಿ ಇಳಕಲ್ ಸೀರೆಯ ಸೆರಗನ್ನು ತಲೆಗೆ ಹೊದ್ದ ಒಬ್ಬ ಮುದುಕಿ ಕುಳಿತಿದ್ದರು. ರೊಟ್ಟಿಯ ಬುಟ್ಟಿ ಬಂದಾಗ ಅವರು ತಟ್ಟೆಯನ್ನೇ ಎತ್ತಿ ಹಿಡಿದರು. ಪೇಟ ಸುತ್ತಿದ ಹುಡುಗ ಬಗ್ಗಿ, "ಅವ್ವಾ, ಎರಡೂ ಕೈ ಹಿಡೀರಿ" ಎಂದ. ಆಕೆ ಗಾಬರಿಯಿಂದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದರು. ಅವನು ಎರಡು ರೊಟ್ಟಿಗಳನ್ನು ಇಟ್ಟು ಮುಂದಿನವರ ಕಡೆಗೆ ಸರಿದ. ಆಕೆಯ ಆಚೆಗೆ ಇಂಜಿನಿಯರಿಂಗ್ ಕಾಲೇಜಿನ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡಿದ್ದ ಇಬ್ಬರು ಹುಡುಗರು, ಅವರಾಚೆಗೆ ನಾಂದೇಡಿನಿಂದ ಬಂದಿದ್ದ ಯಾತ್ರಿಕರ ಕುಟುಂಬ, ಎಲ್ಲರೂ ಅದೇ ರೀತಿ ಕೈಯೊಡ್ಡಿದರು. ಕೈಯೊಡ್ಡುವುದು ನಮ್ಮ ನುಡಿಗಟ್ಟಿನಲ್ಲಿ ದೈನ್ಯದ ಮಾತು; ಕೊಡುವ ಯೋಗ್ಯತೆ ಇದ್ದವರು ಒಡ್ಡಬಾರದು ಎಂಬ ಅಭಿಮಾನವೂ ಅದಕ್ಕೆ ಅಂಟಿಕೊಂಡಿದೆ. ಇಲ್ಲಿ ಕಾರಿನಲ್ಲಿ ಬಂದವರೂ ಒಡ್ಡಬೇಕು, ಬಸ್ಸಿನಲ್ಲಿ ಬಂದವರೂ ಒಡ್ಡಬೇಕು. ಹಾಗಾಗಿ ಆ ಭಂಗಿಯಲ್ಲಿ ನಾಚಿಕೆ ಉಳಿಯುವುದೇ ಇಲ್ಲ. ಸಮಾನತೆಯ ಬಗ್ಗೆ ಭಾಷಣ ಮಾಡದೆ, ಕೈಗಳನ್ನು ಒಂದು ಬಗೆಯಲ್ಲಿ ಹಿಡಿಯಲು ಹೇಳಿ ಸಾಧಿಸುವ ಈ ಉಪಾಯವನ್ನು ನಾನು ಈ ಸೇವೆಯ ಅತ್ಯುತ್ತಮ ಅಂಶವೆಂದು ಪರಿಗಣಿಸುತ್ತೇನೆ.

ರುಚಿಯ ಬಗ್ಗೆ ಹೇಳುವುದಾದರೆ, ದಾಲ್ ಗಟ್ಟಿಯಾಗಿ ಹದವಾಗಿ ಬೆಂದಿತ್ತು, ರೊಟ್ಟಿ ಗೋಧಿಯದು, ಮೃದು. ಕಲ್ಯಾಣ ಕರ್ನಾಟಕದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯಕ್ಕೆ ಒಗ್ಗಿದ ನಾಲಿಗೆಗೆ ಖಾರ ಕಡಿಮೆ ಎನಿಸುತ್ತದೆ; ಮಕ್ಕಳಿಗೂ ವಯಸ್ಸಾದವರಿಗೂ ಅದೇ ಅನುಕೂಲ. ಸಿಹಿಗೆ ಅಕ್ಕಿಯ ಖೀರು ಇತ್ತು. ಈ ಖೀರಿಗೆ ಸಿಖ್ ಪರಂಪರೆಯಲ್ಲಿ ದೊಡ್ಡ ಮರ್ಯಾದೆ ಉಂಟು. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಅವರು ಲಂಗರಿನ ಮೇಲ್ವಿಚಾರಣೆ ನೋಡಿಕೊಂಡು ತುಪ್ಪ ಹಾಕಿದ ಖೀರನ್ನು ಬಡಿಸುತ್ತಿದ್ದುದು ಗುರು ಗ್ರಂಥ ಸಾಹಿಬ್‌ನಲ್ಲಿಯೇ ಸ್ತುತಿಗೆ ಪಾತ್ರವಾಗಿದೆ. ಒಂದು ಧರ್ಮದ ಪವಿತ್ರ ಗ್ರಂಥದಲ್ಲಿ ಅಡುಗೆಮನೆ ನಡೆಸಿದ ಹೆಣ್ಣುಮಗಳ ಹೆಸರೂ ಆಕೆಯ ಪಾಯಸವೂ ಜಾಗ ಪಡೆದಿರುವುದು ಸಣ್ಣ ಸಂಗತಿಯಲ್ಲ. ಸಾಮಾನ್ಯವಾಗಿ ಧರ್ಮದ ಚರಿತ್ರೆಯಲ್ಲಿ ತತ್ತ್ವ ಹೇಳಿದವರ ಹೆಸರು ಉಳಿಯುತ್ತದೆ, ಬೇಯಿಸಿ ಹಾಕಿದವರದು ಹೊಗೆಯಲ್ಲಿ ಹೋಗುತ್ತದೆ.

ಸಾಲಿನಲ್ಲಿ ಕೂತು ಉಣ್ಣುವ ಪಂಗತ್ ಪದ್ಧತಿಗೆ ಕಟ್ಟುನಿಟ್ಟಿನ ರೂಪ ಕೊಟ್ಟವರು ಮೂರನೆಯ ಗುರು ಅಮರದಾಸರು. ಮೊದಲು ಸಾಲಿನಲ್ಲಿ ಕೂತು ಉಣ್ಣಬೇಕು, ಆಮೇಲೆ ಗುರುವಿನ ಸಂಗಕ್ಕೆ ಬರಬೇಕು ಎಂಬುದು ಅವರ ನಿಯಮ. ಅಕ್ಬರ್ ಬಾದಷಹನೂ ಈ ನಿಯಮಕ್ಕೆ ತಲೆಬಾಗಿ ಜನಸಾಮಾನ್ಯರ ಜೊತೆ ನೆಲದ ಮೇಲೆ ಕೂತು ಉಂಡನೆಂದು ಸಿಖ್ ಪರಂಪರೆ ಹೇಳುತ್ತದೆ. ಈ ಅನುಕ್ರಮದಲ್ಲಿ ಧರ್ಮದ ಸ್ವರೂಪವನ್ನು ಕುರಿತ ಒಂದು ಗಟ್ಟಿಯಾದ ವಾದ ಅಡಗಿದೆ. ಮನಸ್ಸು ಬದಲಾದ ಮೇಲೆ ನಡತೆ ಬದಲಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಅಮರದಾಸರ ನಿಯಮ ತಿರುವುಮುರುವಾಗಿದೆ: ಪಕ್ಕದವನನ್ನು ಸಮಾನನೆಂದು ನೀನು ಒಪ್ಪಿದ್ದೀಯೋ ಇಲ್ಲವೋ ಆಮೇಲೆ ನೋಡೋಣ, ಈಗ ಅವನ ಪಕ್ಕ ಕೂತು ಉಣ್ಣು. ಸ್ಕಾಟ್ಲೆಂಡಿನ ವಿದ್ವಾಂಸ ವಿಲಿಯಂ ರಾಬರ್ಟ್‌ಸನ್ ಸ್ಮಿತ್ 19ನೆಯ ಶತಮಾನದ ಕೊನೆಯಲ್ಲಿ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ ಯೋಚಿಸಿದ್ದ. ಪ್ರಾಚೀನ ಧರ್ಮಗಳಲ್ಲಿ ಆಚರಣೆ ಮೊದಲು, ಅದಕ್ಕೆ ಅರ್ಥ ಹೇಳುವ ಕಥೆಗಳು ಆಮೇಲೆ. ಬಲಿಯೆಂಬುದು ಮೂಲತಃ ದೇವರೂ ಅವನ ಜನರೂ ಒಟ್ಟಿಗೆ ಉಣ್ಣುವ ಊಟ ಎಂಬುದು ಅವನ ವಾದದ ಸಾರ. ಎಲ್ಲ ಧರ್ಮಗಳಿಗೂ ಇದು ಹೊಂದುತ್ತದೆಯೇ ಎಂಬ ಬಗ್ಗೆ ತಕರಾರುಗಳಿವೆ. ಲಂಗರಿನ ಪಟ್ಟಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಮಾತ್ರ ಅದನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ಬೀದರಿಗೆ ಈ ಪರಂಪರೆಯೊಡನೆ ಇನ್ನೊಂದು ನಂಟಿದೆ, ಅದು ಈ ಜಿಲ್ಲೆಯವರಲ್ಲೇ ಎಷ್ಟೋ ಜನರಿಗೆ ತಿಳಿಯದು. 1699ರ ಬೈಸಾಖಿಯಂದು ಆನಂದಪುರ ಸಾಹಿಬ್‌ನಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದುನಿಂತ ಐವರು ಪಂಚಪ್ಯಾರೆಗಳೆಂದು ಪೂಜ್ಯರಾದರು. ಅವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ವೃತ್ತಿಯ ಮನೆತನದವರು. ಅದಕ್ಕೂ ಐದು ಶತಮಾನಗಳ ಹಿಂದೆ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಸವಣ್ಣನವರ ಬಲಗೈಯಂತಿದ್ದ ಹಡಪದ ಅಪ್ಪಣ್ಣನವರನ್ನು ಇಂದು ಕ್ಷೌರಿಕ ಸಮುದಾಯದವರು ತಮ್ಮ ಮೂಲಪುರುಷರೆಂದು ಗೌರವಿಸುತ್ತಾರೆ. ಶುಭಕಾರ್ಯಕ್ಕೆ ಹೊರಟಾಗ ಎದುರಿಗೆ ಬರಬಾರದೆಂದು ಊರು ದೂರವಿಟ್ಟ ವೃತ್ತಿಯವರನ್ನು ಎರಡು ಬೇರೆಬೇರೆ ಧರ್ಮಗಳು, ಎರಡು ಬೇರೆಬೇರೆ ಕಾಲಗಳಲ್ಲಿ, ಮುಂದಿನ ಸಾಲಿಗೆ ಕರೆದವು. ಅವೆರಡಕ್ಕೂ ಒಂದೇ ಜಿಲ್ಲೆಯ ನೆಲ ಸಂಬಂಧಪಟ್ಟಿರುವುದು ಕಾಕತಾಳೀಯವೇ ಇರಬಹುದು. ಆದರೂ ಖುಷಿ ಕೊಡುವ ಕಾಕತಾಳೀಯ.

ದಾಸೋಹವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ತುಮಕೂರಿನ ಸಿದ್ಧಗಂಗೆ. ನನ್ನಂಥ ತುಮಕೂರು ಸೀಮೆಯವರು ಬೇರೆಲ್ಲಿ ಉಂಡರೂ ಅದನ್ನು ಸಿದ್ಧಗಂಗೆಯ ಮುದ್ದೆ, ಸಾರಿನ ಜೊತೆ ಹೋಲಿಸಿ ನೋಡದೆ ಇರಲಾರೆವು. 1941ರಿಂದ ಮಠವನ್ನು ನಡೆಸಿದ, 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಸುಮಾರು 10,000 ಮಕ್ಕಳು ಅನ್ನ, ಅಕ್ಷರ, ಆಶ್ರಯಗಳನ್ನು ಉಚಿತವಾಗಿ ಪಡೆಯುವಂತಾಯಿತು. ಯಾವ ಜಾತಿ, ಯಾವ ಮತದ ಮಕ್ಕಳಿಗೂ ಬಾಗಿಲು ಮುಚ್ಚಲಿಲ್ಲ. ಮಕ್ಕಳ ಊಟ ಮುಗಿಯುವ ತನಕ ತಮ್ಮ ನಿಧನದ ಸುದ್ದಿಯನ್ನು ಹೊರಗೆ ಹೇಳಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳು ಬರೆದವು. ಝೀರಾಕ್ಕೂ ಸಿದ್ಧಗಂಗೆಗೂ ವ್ಯತ್ಯಾಸವಿದೆ. ಸಿದ್ಧಗಂಗೆಯ ಅನ್ನದ ಹಿಂದೆ ಓದಿನ ಹಂಬಲವಿದೆ. ಬಡ ರೈತನ ಮಗು ಅಲ್ಲಿ ವರ್ಷಗಟ್ಟಲೆ ಉಂಡು, ಓದಿ, ನೌಕರಿ ಹಿಡಿದು, ಮುಂದೊಂದು ದಿನ ಅಕ್ಕಿ ಮೂಟೆಯೊಂದಿಗೆ ಮಠಕ್ಕೆ ಮರಳುತ್ತದೆ. ಕೊಡುಕೊಳ್ಳುವಿಕೆಯ ಚಕ್ರ ಸುತ್ತಲು ಅಲ್ಲಿ ಒಂದು ತಲೆಮಾರು ಬೇಕು. ಲಂಗರಿನಲ್ಲಿ ಅದಕ್ಕೆ ಅರ್ಧ ಗಂಟೆ ಸಾಕು: ಉಂಡು ಎದ್ದವನು ಬೇಕೆಂದರೆ ಆ ಕ್ಷಣವೇ ದಾಲಿನ ಬಕೆಟ್ಟು ಹಿಡಿಯಬಹುದು. ಉಪಕಾರದ ಆಳವನ್ನು ನೋಡಿದರೆ ಸಿದ್ಧಗಂಗೆಯದು ಹಿರಿದು. ಕೊಡುವವನಿಗೂ ಪಡೆಯುವವನಿಗೂ ನಡುವಿನ ಅಂತರವನ್ನು ಅಳಿಸುವ ಚುರುಕಿನಲ್ಲಿ ಲಂಗರ್ ಮುಂದು.

ಸರ್ಕಾರವೂ ಅನ್ನ ಕೊಡುತ್ತದಲ್ಲ, ಅದಕ್ಕೆ ಧರ್ಮವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಕ್ಕಿತು. ಆಟೋ ಓಡಿಸುವವರು, ಗಾರೆ ಕೆಲಸದವರು, ಊರಿನಿಂದ ಪರೀಕ್ಷೆ ಬರೆಯಲು ಬಂದವರು ಅಲ್ಲಿ ಸಂಕೋಚವಿಲ್ಲದೆ ತಿಂದರು. ಜಾತಿ ಕೇಳದ ಊಟ ಅದೂ ಹೌದು. ಕಾಸು ಕೊಟ್ಟು ತಿನ್ನುವುದರಲ್ಲಿ ಯಾರ ಹಂಗೂ ಇಲ್ಲವೆಂಬ ನೆಮ್ಮದಿಯಿದೆ, ಪ್ರಜೆಯ ಹಕ್ಕೆಂಬ ಘನತೆಯಿದೆ, ಅದನ್ನು ಕೀಳುಗಳೆಯಲು ನಾನು ಸಿದ್ಧನಿಲ್ಲ. ಹಸಿವೆಯನ್ನು ನಿಜವಾಗಿ ನೀಗಬೇಕಾದದ್ದು ಅಂಥ ವ್ಯವಸ್ಥೆಗಳೇ, ಧರ್ಮದ ದಾಕ್ಷಿಣ್ಯವಲ್ಲ. ಆದರೆ ಕ್ಯಾಂಟೀನಿನಲ್ಲಿ ತಿಂದು ಮುಗಿಸಿದವರು ಒಳಗೆ ಹೋಗಿ ಪಾತ್ರೆ ತೊಳೆಯುತ್ತೇನೆಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾದ್ದೂ ಇಲ್ಲ. ಲಂಗರಿನಲ್ಲಿ ತಟ್ಟೆ ತೊಳೆಯುವ ಜಾಗವೇ ಎಲ್ಲಕ್ಕಿಂತ ಗದ್ದಲದ ಜಾಗ. ಉಳಿಕೆಯನ್ನು ಒಂದು ಡಬ್ಬಕ್ಕೆ ಜಾಡಿಸಿ, ಸೋಪಿನ ನೀರಿನ ತೊಟ್ಟಿಯಲ್ಲಿ ಉಜ್ಜಿ, ಶುದ್ಧ ನೀರಿಗೆ ದಾಟಿಸುವ ಸಾಲಿನಲ್ಲಿ ಗುರುತು ಪರಿಚಯವಿಲ್ಲದವರು ತೋಳು ಮಡಚಿಕೊಂಡು ನಿಂತಿರುತ್ತಾರೆ. ಮನೆಯಲ್ಲಿ ತಾನುಂಡ ತಟ್ಟೆಯನ್ನೂ ತೊಳೆಯದ ಗಂಡಸರು ಇಲ್ಲಿ ಅಪರಿಚಿತರ ಎಂಜಲನ್ನು ತೊಳೆಯುವುದನ್ನು ನೋಡಿದಾಗ (ಅವರಲ್ಲಿ ಎಷ್ಟು ಮಂದಿ ಮನೆಗೆ ಹೋದ ಮೇಲೂ ತೊಳೆಯುತ್ತಾರೋ ಅವರ ಮನೆಯವರನ್ನೇ ಕೇಳಬೇಕು) ಧರ್ಮವು ಮನುಷ್ಯನಿಂದ ಏನನ್ನು ಹೊರಡಿಸಬಲ್ಲದು ಎಂಬುದರ ಅಂದಾಜು ಸಿಗುತ್ತದೆ. ಹಣಕ್ಕಾಗಲಿ ಕಾನೂನಿಗಾಗಲಿ ಮಾಡದ ಕೆಲಸವನ್ನು ಮನುಷ್ಯ ಇಲ್ಲಿ ಮಾಡುತ್ತಾನೆ, ಸಂತೋಷದಿಂದ ಮಾಡುತ್ತಾನೆ.

ಇದೇ ಶಕ್ತಿ ಎದುರು ದಿಕ್ಕಿಗೂ ಅಷ್ಟೇ ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳದೆ ಬಿಟ್ಟರೆ ಈ ವಿಮರ್ಶೆ ಭಜನೆಯಾದೀತು. ಸಾಲಿನಲ್ಲಿ ಕೂರಿಸುವ ಧರ್ಮವೇ ಸಾಲನ್ನು ಒಡೆಯುತ್ತದೆ. ಕರಾವಳಿಯ ಕಡೆಯ ಒಂದು ದೇವಸ್ಥಾನದಲ್ಲಿ, ಹೆಸರು ಇಲ್ಲಿ ಬೇಡ, ಊಟಕ್ಕೆ ಕೂತಿದ್ದ ನನ್ನನ್ನು ಒಬ್ಬರು ಮೆಲುದನಿಯಲ್ಲಿ, "ತಾವು ಯಾರ ಪೈಕಿ?" ಎಂದು ವಿಚಾರಿಸಿ, ಉತ್ತರ ಕೇಳಿದ ಮೇಲೆ, "ನಿಮಗೆ ಆಚೆ ಕಡೆ ವ್ಯವಸ್ಥೆ ಉಂಟು" ಎಂದು ತುಂಬ ವಿನಯದಿಂದ ಎಬ್ಬಿಸಿದ್ದರು. ಆಚೆ ಕಡೆಯ ಸಾರು ಚೆನ್ನಾಗಿಯೇ ಇತ್ತು. ಪಂಕ್ತಿಭೇದದ ವಿಚಿತ್ರವೆಂದರೆ ಅದು ಒರಟಾಗಿ ನಡೆಯುವುದಿಲ್ಲ. ಉಪಚಾರದ ಮಾತಿನಲ್ಲಿ, ಎಲ್ಲರೂ ಉಂಡು ಹೋಗಲಿ ಎಂಬ ಒಳ್ಳೆಯ ಮನಸ್ಸಿನಲ್ಲಿಯೇ ನಡೆದುಹೋಗುತ್ತದೆ. ಅದರ ತುತ್ತತುದಿ ಮಡೆಸ್ನಾನ. ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳಿದರೆ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆಯಿಂದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಸಮಯದಲ್ಲಿ ನಡೆಯುತ್ತಿದ್ದ ಈ ಆಚರಣೆ ಹೋರಾಟ, ಕೋರ್ಟು, ಮಾರ್ಪಾಡುಗಳನ್ನೆಲ್ಲ ದಾಟಿ ಕೊನೆಗೆ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ನಿಷಿದ್ಧವಾಯಿತು. ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ. ಗಮನಿಸಬೇಕಾದ ಸಂಗತಿಯೆಂದರೆ, ಉರುಳಿದವರಲ್ಲಿ ಬಹಳಷ್ಟು ಮಂದಿ ಯಾರ ಬಲವಂತವೂ ಇಲ್ಲದೆ ಹರಕೆ ಹೊತ್ತು ಬಂದವರು. ಲಂಗರಿನಲ್ಲಿ ಎಂಜಲು ತಟ್ಟೆ ತೊಳೆಯುವವರೂ ಸ್ವಇಚ್ಛೆಯಿಂದ ಬಂದವರು. ಎರಡೂ ಕಡೆ ಭಕ್ತಿಯಿದೆ, ಎರಡೂ ಕಡೆ ಎಂಜಲಿದೆ, ಎರಡೂ ಕಡೆ ಅಹಂಕಾರವನ್ನು ಕಳೆದುಕೊಂಡ ತೃಪ್ತಿಯೂ ಇದೆ. ಒಂದು ಕಡೆ ಯಾರ ಎಂಜಲನ್ನು ಯಾರು ಬೇಕಾದರೂ ತೊಳೆಯುತ್ತಾರೆ. ಇನ್ನೊಂದು ಕಡೆ ಯಾರ ಎಂಜಲು, ಯಾರ ಮೈ ಎಂಬುದು ಹುಟ್ಟಿನಿಂದಲೇ ಗೊತ್ತುಪಡಿಸಿದ್ದು. ಆದ್ದರಿಂದ ಭಕ್ತಿ ಎಷ್ಟಿದೆ ಎಂದು ಅಳೆಯುವುದರಿಂದ ಪ್ರಯೋಜನವಿಲ್ಲ. ಆ ಭಕ್ತಿಗೆ ಯಾವ ಬಗೆಯ ಸಾಲು ಹಾಕಿಕೊಟ್ಟಿದ್ದಾರೆ ಎಂಬುದನ್ನೇ ನೋಡಬೇಕು.

ಸಿಖ್ಖರ ಸಾಲೂ ತಾನಾಗಿ ನೆಟ್ಟಗೆ ನಿಂತದ್ದಲ್ಲ. 1920ರ ಅಕ್ಟೋಬರ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಕೆಳಜಾತಿಯೆನಿಸಿಕೊಂಡ ಸಿಖ್ಖರು ಕಡಾ ಪ್ರಸಾದ ತಂದಾಗ ಅಲ್ಲಿಯ ಪೂಜಾರಿಗಳು ಅದನ್ನು ಸ್ವೀಕರಿಸಲು ಒಪ್ಪಲಿಲ್ಲ. ಆ ಜಗಳವು ಗುರುದ್ವಾರಗಳ ಆಡಳಿತವನ್ನು ಹಳೆಯ ಮಹಂತರ ಕೈಯಿಂದ ಬಿಡಿಸುವ ಚಳವಳಿಗೆ ಬಲ ಕೊಟ್ಟಿತು, ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಇವತ್ತಿಗೂ ಬೇರೆ ಗುರುದ್ವಾರ, ಬೇರೆ ಸ್ಮಶಾನಗಳಿವೆ. ಉಣ್ಣುವ ಸಾಲಿನಲ್ಲಿ ಒಂದಾದವರು ಕೊಟ್ಟು ತರುವ ಮಾತು ಬಂದಾಗ ಬೇರೆಯಾಗುವುದು ನಮ್ಮ ಕಲ್ಯಾಣದಲ್ಲೂ ಆಗಿತ್ತು. ಉಣ್ಣುವಾಗ ಇಲ್ಲದ ಕುಲವನ್ನು ನೆಂಟಸ್ತಿಕೆ ಮಾಡುವಾಗ ಹುಡುಕುವವರನ್ನು ಬಸವಣ್ಣನವರೇ ಕುಟುಕಿದ್ದಾರೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣದ ಬೀದಿಯಲ್ಲಿ ನೆತ್ತರು ಹರಿಯಿತೆಂದು ಶರಣರ ಚರಿತ್ರೆ ಹೇಳುತ್ತದೆ. ಅದೇ ಊರಿನಲ್ಲಿ ಅದಕ್ಕೂ ಮೊದಲು ಮಹಾಮನೆಯ ದಾಸೋಹದಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಉಂಡಾಗ ಅಷ್ಟು ದೊಡ್ಡ ಅನಾಹುತ ಆಗಿರಲಿಲ್ಲ. ಊಟದ ಮನೆಯಲ್ಲಿ ಕಲಿಸಿದ ಪಾಠವನ್ನು ನಡುಮನೆಯವರೆಗೆ ಕೊಂಡೊಯ್ಯುವ ಧೈರ್ಯ ಧರ್ಮಗಳಿಗೆ ಅಪರೂಪ, ಅವುಗಳ ಅನುಯಾಯಿಗಳಿಗೆ ಇನ್ನೂ ಅಪರೂಪ.

ಊರಿನ ಮಾತನ್ನೂ ಹೇಳಬೇಕು. ಬೀದರಿನ ಹೊರವಲಯದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಉರುಸನ್ನು ಪ್ರತಿವರ್ಷ ಜಂಗಮರೊಬ್ಬರು ಬಂದು ನಡೆಸಿಕೊಡುತ್ತಾರೆ. ಸುಲ್ತಾನನನ್ನು ಹಿಂದೂಗಳು ಅಲ್ಲಮಪ್ರಭುವೆಂದು ಪೂಜಿಸುತ್ತಾರೆ. ಇಂಥ ಊರಿನಲ್ಲಿಯೇ 1988ರಲ್ಲಿ, ಪಂಜಾಬಿನ ಸುದ್ದಿಗಳಿಂದ ದೇಶವೆಲ್ಲ ಕಾವೇರಿದ್ದ ಕಾಲದಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಕೆಲವರು ಪ್ರಾಣ ಕಳೆದುಕೊಂಡರು. ದಾಳಿ ಮಾಡಿದವರಲ್ಲಿ ಝೀರಾದ ನೀರು ಕುಡಿದವರು, ಲಂಗರಿನಲ್ಲಿ ಉಂಡವರು ಇರಲಿಲ್ಲವೆಂದು ನಂಬುವುದು ನನಗೆ ಕಷ್ಟ. ಇಷ್ಟು ದೊಡ್ಡ ಅಡುಗೆಮನೆಯೂ ಆ ದಿನ ಊರನ್ನು ಕಾಯಲಾರದೆ ಹೋಯಿತು. ಜನರನ್ನು ಹತ್ತಿರ ತರುವ ಧರ್ಮಕ್ಕೆ ದೂರ ತಳ್ಳುವ ರಾಜಕೀಯವನ್ನು ತಡೆಯುವಷ್ಟು ಬಲವಿದೆಯೆಂದು ವಾದಿಸುವವರು ಬೀದರಿನ ಈ ಪುಟವನ್ನೂ ಓದಿಕೊಳ್ಳಬೇಕು. ಆ ಘಟನೆಯ ನಂತರವೂ ಲಂಗರ್ ನಿಲ್ಲಲಿಲ್ಲ, ಬರುವವರ ಹೆಸರು ಕೇಳುವ ಪದ್ಧತಿ ಶುರುವಾಗಲಿಲ್ಲ. ಕ್ಷಮೆಯ ಬಗ್ಗೆ ನನಗೆ ತಿಳಿದಿರುವ ಪ್ರವಚನಗಳಲ್ಲಿ ಯಾವುದೂ ಇದಕ್ಕೆ ಸಮನಾಗಿಲ್ಲ.

ಹಣದ ಮೂಲವನ್ನು ಕುರಿತು ಒಂದೆರಡು ಮಾತು. ದುಡಿಮೆಯ ಹತ್ತನೆಯ ಒಂದು ಪಾಲನ್ನು ಸಮುದಾಯಕ್ಕೆ ಕೊಡಬೇಕೆಂಬ ದಸ್ವಂಧ್ ಎಂಬ ನಿಯಮ ಸಿಖ್ಖರಲ್ಲಿದೆ. ಲಂಗರುಗಳಿಗೆ ಆಧಾರ ಅದು ಮತ್ತು ಭಕ್ತರು ತಂದೊಪ್ಪಿಸುವ ಹಿಟ್ಟು, ಬೇಳೆ, ತುಪ್ಪ. ಶರಣರ ಮಾತು ಇನ್ನೂ ಬಿಗಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳಿಸಿದಳು. ದಾಸೋಹಕ್ಕೇ ಆದರೂ ಆಸೆಯಿಂದ ಕೂಡಿಟ್ಟದ್ದು ಬೇಡ ಎಂಬ ಈ ತಕ್ಕಡಿಯಲ್ಲಿ ತೂಗಿದರೆ ನಮ್ಮ ನಾಡಿನ ಅನ್ನಸಂತರ್ಪಣೆಗಳಲ್ಲಿ ಎಷ್ಟು ಉಳಿದಾವು? ದಾನಿಗಳ ಹೆಸರನ್ನು ಊಟದ ಮನೆಯ ಗೋಡೆಯ ಕಲ್ಲಲ್ಲಿ, ಫ್ಯಾನಿನ ರೆಕ್ಕೆಯಲ್ಲಿ, ನೀರಿನ ಲೋಟದಲ್ಲಿ ಕೆತ್ತಿಸುವ ಚಾಳಿ ಎಲ್ಲ ಧರ್ಮಗಳಲ್ಲೂ ಈಗ ಇದೆ. ತೂಕಡಿಸುತ್ತಿರುವ ಫ್ಯಾನಿನ ಮೇಲೆ ಅಜ್ಜನ ಹೆಸರು ತಿರುಗುವುದನ್ನು ನೋಡಿದಾಗಲೆಲ್ಲ ಲಕ್ಕಮ್ಮನ ನೆನಪಾಗುತ್ತದೆ.

ನಂಬಿಕೆಯಿಲ್ಲದವರು ಇಲ್ಲಿ ಉಣ್ಣಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದ್ದರು. ಧಾರಾಳವಾಗಿ ಉಣ್ಣಬಹುದು. ತಲೆ ಮುಚ್ಚಿಕೊಳ್ಳುವುದು, ತಂಬಾಕು, ಮದ್ಯಗಳನ್ನು ಹತ್ತಿರ ಇಟ್ಟುಕೊಳ್ಳದಿರುವುದು, ತಟ್ಟೆಯಲ್ಲಿ ಬಿಡದಿರುವುದು, ಇವಿಷ್ಟು ನಿಯಮಗಳು. ಒಪ್ಪಿಗೆಯ ಪ್ರಮಾಣವಚನವನ್ನೇನೂ ಯಾರೂ ಕೇಳುವುದಿಲ್ಲ. ಊಟ ಕೊಟ್ಟು ಮತ ಬದಲಿಸುವ, ಮತ ಕೇಳುವ ಎರಡೂ ಬಗೆಯ ಅನ್ನದಾನಗಳನ್ನು ನೋಡಿರುವ ನಮಗೆ ಈ ನಿರಪೇಕ್ಷೆ ಮೊದಲಿಗೆ ಅನುಮಾನವನ್ನೇ ಹುಟ್ಟಿಸುತ್ತದೆ. ಪ್ರತಿಫಲ ಬಯಸದೆ ಇಷ್ಟು ಜನಕ್ಕೆ ಯಾಕೆ ಹಾಕುತ್ತಾರೆ ಎಂದು ನಾನು ಬಡಿಸುತ್ತಿದ್ದ ಹಿರಿಯರೊಬ್ಬರನ್ನು ಹಿಂದಿಯಲ್ಲಿ ಕೇಳಿದೆ. ಅವರು ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲವೆಂದು ತಿಳಿದು ಇನ್ನೆರಡು ರೊಟ್ಟಿ ಕೊಟ್ಟರು.

ಹೋಗುವವರಿಗೆ ಕೆಲವು ಸೂಚನೆಗಳು. ಬೀದರಿಗೆ ಬೆಂಗಳೂರಿನಿಂದ ರಾತ್ರಿಯ ರೈಲಿದೆ, ಹೈದರಾಬಾದಿನಿಂದ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆಯ ದಾರಿ. ಕಾರ್ತಿಕ ಹುಣ್ಣಿಮೆಯ ಗುರುನಾನಕ ಜಯಂತಿ, ಹೋಳಿ, ಬೈಸಾಖಿಯ ಸಮಯದಲ್ಲಿ ಜನಜಾತ್ರೆ. ನೆಮ್ಮದಿಯಾಗಿ ಕೂತು ನೋಡಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಚಳಿಗಾಲದ ಯಾವುದಾದರೂ ವಾರದ ದಿನ ಹೋಗುವುದು ಮೇಲು. ಮಂಡಿನೋವಿನವರು ನೆಲದ ಮೇಲೆ ಕೂರಲಾಗದಿದ್ದರೆ ಸೇವಾದಾರರಿಗೆ ಮೊದಲೇ ಹೇಳಬೇಕು. ದೊಡ್ಡ ಕರವಸ್ತ್ರವೊಂದನ್ನು ಮನೆಯಿಂದಲೇ ಒಯ್ದರೆ ತಲೆಗೆ ಕಟ್ಟಲು ಅನುಕೂಲ. ಸಮಯವಿದ್ದವರು ಅದೇ ಪ್ರವಾಸದಲ್ಲಿ ಬಸವಕಲ್ಯಾಣವನ್ನೂ ಅಷ್ಟೂರಿನ ಗುಮ್ಮಟಗಳನ್ನೂ ನೋಡಬಹುದು. ಊಟವಾದ ಮೇಲೆ ಸೇವೆ ಮಾಡುವ ಮನಸ್ಸಿದ್ದರೆ ಬಡಿಸುವ ಕೆಲಸಕ್ಕೆ ಪೈಪೋಟಿ ಹೆಚ್ಚು, ಕಾಯಬೇಕಾದೀತು. ತಟ್ಟೆ ತೊಳೆಯುವ ತೊಟ್ಟಿಯ ಹತ್ತಿರ ಹೋದರೆ ತಕ್ಷಣ ಜಾಗ ಬಿಟ್ಟುಕೊಡುತ್ತಾರೆ.